ಮಾಡಿ ಕಲಿಯುವ ಪಾಠ ಮತ್ತು ಪ್ರದೇಶದ ನುಡಿ: ಪುತ್ತೂರು, ಸುಳ್ಯ, ಕಡಬ ಪರಿಸರದ ವಿಜ್ಞಾನ–ಭೂಗೋಳ ಯೋಜನಾಕಾರ್ಯಗಳು

ಪ್ರಸ್ತಾವನೆ

ಪ್ರಾಥಮಿಕ ಶಾಲೆಯ ವಿಜ್ಞಾನ ಮತ್ತು ಭೂಗೋಳದ ಬೋಧನೆಯಲ್ಲಿ ‘ಯೋಜನಾಕಾರ್ಯ’ ಎಂಬುದು ಇಂದು ಪರಿಚಿತವಾದ ಮಾತು. ಅದನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಶಿಕ್ಷಣಶಾಸ್ತ್ರದ ವಲಯದಲ್ಲಿ ನಡೆಯುತ್ತದೆ. ಭಾಷಾಧ್ಯಯನದಲ್ಲಿ ತೊಡಗಿರುವವರು ಅದನ್ನು ತಮ್ಮ ವಿಷಯವೆಂದು ಭಾವಿಸುವುದು ಕಡಿಮೆ. ಆದರೆ ಮಗು ಒಂದು ವಸ್ತುವನ್ನು ಮುಟ್ಟಿ, ಅಳೆದು, ಹೋಲಿಸಿ ತಿಳಿದುಕೊಂಡದ್ದನ್ನು ಕೊನೆಗೆ ಮಾತಿನಲ್ಲಿಯೇ ಹೇಳಬೇಕು. ಆ ಮಾತು ಪಠ್ಯಪುಸ್ತಕದ್ದೋ, ಮನೆಯದೋ ಎಂಬ ಪ್ರಶ್ನೆ ಅಲ್ಲಿ ಹುಟ್ಟಿಕೊಳ್ಳುತ್ತದೆ. ಕೈಯಿಂದ ಮಾಡಿದ ಕೆಲಸ ತಿಳಿವಳಿಕೆಯಾಗಿ ನಿಲ್ಲುವುದೂ ಬರಿಯ ಕೈಕೆಲಸವಾಗಿ ಮುಗಿಯುವುದೂ ಬಹುಮಟ್ಟಿಗೆ ಈ ಪ್ರಶ್ನೆಯನ್ನೇ ಅವಲಂಬಿಸಿದೆ.

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಹಾಗೂ 2018ರಲ್ಲಿ ಅಸ್ತಿತ್ವಕ್ಕೆ ಬಂದ ಕಡಬ ತಾಲೂಕುಗಳ ಪರಿಸರವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ತರಗತಿಯಲ್ಲಿ ಕೈಗೊಳ್ಳಬಹುದಾದ ನಾಲ್ಕು ಯೋಜನೆಗಳನ್ನು ವಿವರಿಸಿ, ಪ್ರತಿಯೊಂದರಲ್ಲಿಯೂ ಪ್ರದೇಶದ ಪದಗಳು ವೀಕ್ಷಣೆಯ ಉಪಕರಣಗಳಾಗಿ ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಇಲ್ಲಿ ತೋರಿಸಲಾಗಿದೆ.

1. ಹಿನ್ನೆಲೆ

ಯೋಜನಾಪದ್ಧತಿಯ ಪರಿಕಲ್ಪನೆಯನ್ನು ಅಮೆರಿಕದ ಶಿಕ್ಷಣತಜ್ಞ ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರ ಪ್ರಬಂಧವೊಂದರಲ್ಲಿ ಮಂಡಿಸಿದನು. ಭಾರತದಲ್ಲಿ 1937ರ ವಾರ್ಧಾ ಸಮ್ಮೇಳನದ ಮೂಲಶಿಕ್ಷಣ ಯೋಜನೆ ಕಸುಬನ್ನೇ ಕಲಿಕೆಯ ಕೇಂದ್ರವಾಗಿ ಮಾಡಿತು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಿಂದ 2002ರವರೆಗೆ ನಡೆದ ವಿಜ್ಞಾನ ಬೋಧನಾ ಕಾರ್ಯಕ್ರಮವು ಹಳ್ಳಿಯ ಶಾಲೆಯ ಮಕ್ಕಳೂ ಸುತ್ತಲಿನ ಅಗ್ಗದ ಸಾಮಗ್ರಿಗಳಿಂದ ಪ್ರಯೋಗ ಮಾಡಬಲ್ಲರೆಂಬುದನ್ನು ಸಿದ್ಧಪಡಿಸಿತು. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ-ಕಲಿ’, ಅನಂತರ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇವು ಮಗುವಿನ ಅನುಭವವನ್ನು ಕಲಿಕೆಯ ಆರಂಭಬಿಂದುವೆಂದು ಒಪ್ಪಿಕೊಂಡವು.

ಪುತ್ತೂರಿನ ಮಟ್ಟಿಗೆ ಈ ವಿಚಾರ ಹೊರಗಿನಿಂದ ಬಂದುದಲ್ಲ. ಶಿವರಾಮ ಕಾರಂತರು (1902–1997) ತಮ್ಮ ಬಾಳಿನ ಹಲವು ದಶಕಗಳನ್ನು ಇಲ್ಲಿ ಕಳೆದರು. ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ಅವರು 1930ರ ದಶಕದಲ್ಲಿಯೇ ಆಟ, ನಾಟಕ, ಪ್ರಕೃತಿಯ ಒಡನಾಟಗಳ ಮೂಲಕ ಮಕ್ಕಳಿಗೆ ಕಲಿಸುವ ಪ್ರಯತ್ನಗಳಲ್ಲಿ ತೊಡಗಿದ್ದರು. 1936ರಲ್ಲಿ ‘ಬಾಲಪ್ರಪಂಚ’ದ ಸಂಪುಟಗಳನ್ನೂ 1959ರಿಂದ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೂ ಹೊರತಂದರು. ವಿಜ್ಞಾನವನ್ನು ಮಕ್ಕಳಿಗೆ ತಲುಪಿಸುವುದು ಮೂಲತಃ ಭಾಷೆಯ ಕೆಲಸವೆಂಬುದನ್ನು ಈ ಗ್ರಂಥಗಳು ತಮ್ಮ ಗಾತ್ರದಿಂದಲೇ ಸಾರುತ್ತವೆ. ಸುಬ್ರಹ್ಮಣ್ಯ, ಕುಮಾರಪರ್ವತಗಳ ಸುತ್ತಿನ ನೆಲವನ್ನೇ ಆವರಣವಾಗಿಸಿಕೊಂಡ ‘ಬೆಟ್ಟದ ಜೀವ’ (1943) ಕಾದಂಬರಿಯನ್ನು ಬರೆದವರೂ ಅವರೇ. ಮಕ್ಕಳ ವಿಜ್ಞಾನ ಮತ್ತು ನೆಲದ ಸಾಹಿತ್ಯ ಒಂದೇ ಮನಸ್ಸಿನಲ್ಲಿ ಬೆಳೆದುವೆಂಬುದನ್ನು ನಮ್ಮ ಅಧ್ಯಯನಗಳು ಸಾಕಷ್ಟು ಗಮನಿಸಿಲ್ಲ.

ಇಂದು ಯೋಜನಾಕಾರ್ಯವೆಂದರೆ ಅಂಗಡಿಯಿಂದ ತಂದ ಥರ್ಮೋಕೋಲಿನ ಮೇಲೆ ಜ್ವಾಲಾಮುಖಿಯ ಮಾದರಿಯನ್ನೋ ಸೌರವ್ಯೂಹದ ಚೆಂಡುಗಳನ್ನೋ ಅಂಟಿಸುವುದೆಂಬ ಭಾವನೆ ಬಲವಾಗಿದೆ. ಇಂತಹ ಮಾದರಿಗಳಲ್ಲಿ ಮಗು ಹೊಸದಾಗಿ ಕಂಡುಕೊಳ್ಳುವುದು ಅಲ್ಪ. ಬರೆಯುವ ವಿವರಣೆಯೂ ಪುಸ್ತಕದ ಪ್ರತಿ. ಮಗುವಿಗೆ ಹೇಳಲು ಸ್ವಂತದ್ದೇನೂ ಇಲ್ಲದಿರುವಾಗ ಸ್ವಂತ ಮಾತಿನ ಅಗತ್ಯವೂ ಬೀಳುವುದಿಲ್ಲ.

2. ಪ್ರದೇಶದ ಭಾಷಿಕ ಸ್ಥಿತಿ

ಈ ಮೂರು ತಾಲೂಕುಗಳಲ್ಲಿ ಶಾಲೆಯ ಕನ್ನಡವನ್ನೇ ಮನೆಯಲ್ಲಿ ಆಡುವ ಮಕ್ಕಳು ವಿರಳ. ತುಳು ಬಹುಜನರ ವ್ಯವಹಾರದ ನುಡಿ. ಸುಳ್ಯದ ಭಾಗದಲ್ಲಿ ಅರೆಭಾಷೆ, ಎಲ್ಲೆಡೆ ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮರಾಟಿ, ಮಲೆಯಾಳಗಳು ಮನೆಮಾತುಗಳಾಗಿವೆ. 1964ರ ಭಾರತ–ಸಿಲೋನ್ ಒಪ್ಪಂದದ ಫಲವಾಗಿ ಶ್ರೀಲಂಕೆಯಿಂದ ಬಂದು ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳು ಕುಟುಂಬಗಳ ಮಕ್ಕಳೂ ಇಲ್ಲಿನ ಕನ್ನಡ ಶಾಲೆಗಳಲ್ಲಿ ಓದುತ್ತ ಬಂದಿದ್ದಾರೆ. ಒಂದೇ ತರಗತಿಯಲ್ಲಿ ಐದಾರು ಮನೆಮಾತುಗಳಿರುವುದು ಇಲ್ಲಿ ಅಚ್ಚರಿಯ ಸಂಗತಿಯಲ್ಲ.

ನೆಲ, ನೀರು, ಮಳೆ, ಕಲ್ಲುಗಳನ್ನು ಕುರಿತ ಈ ನುಡಿಗಳ ಪದಸಂಪತ್ತು ಕೃಷಿಯ ಅಗತ್ಯದಿಂದ ರೂಪುಗೊಂಡುದು. ಗದ್ದೆಯನ್ನು ‘ಬೈಲು’, ‘ಮಜಲು’, ‘ಬೆಟ್ಟು’ ಎಂದು ವಿಂಗಡಿಸುವ ಪದ್ಧತಿಯನ್ನೇ ನೋಡಬಹುದು. ಬೈಲು ತಗ್ಗಿನ, ನೀರು ನಿಲ್ಲುವ ಗದ್ದೆ, ಮಜಲು ನಡುವಿನದು, ಬೆಟ್ಟು ಮಳೆಯನ್ನೇ ನಂಬಿದ ಎತ್ತರದ ಗದ್ದೆ. ಎತ್ತರ, ತೇವ, ಬೆಳೆಯ ಸಂಖ್ಯೆ ಈ ಮೂರು ಗುಣಗಳನ್ನು ಒಂದೊಂದು ಪದ ಒಟ್ಟಿಗೆ ಹೇಳುತ್ತದೆ. ಏಣಿಲು, ಸುಗ್ಗಿ, ಕೊಳಕೆ ಎಂಬ ಮೂರು ಭತ್ತದ ಬೆಳೆಗಳ ಹೆಸರುಗಳೂ ಈ ವಿಂಗಡಣೆಗೆ ಹೊಂದಿಕೊಂಡಿವೆ. ಇದು ಕೇವಲ ಆಡುಮಾತಲ್ಲ, ಒಂದು ವರ್ಗೀಕರಣ. ಅಡಿಕೆ, ರಬ್ಬರ್‌ಗಳ ವಿಸ್ತರಣೆಯಿಂದ ಗದ್ದೆಗಳು ಕುಗ್ಗಿದಂತೆ ಈ ಪದಗಳು ಹಿರಿಯರ ನೆನಪಿಗೆ ಸರಿಯುತ್ತಿವೆ.

3. ನಾಲ್ಕು ಯೋಜನೆಗಳು

3.1 ಕೋಲಿನ ನೆರಳು

ಅಂಗಳದಲ್ಲಿ ನೇರವಾದ ಕೋಲೊಂದನ್ನು ನೆಟ್ಟು, ಹತ್ತು ಗಂಟೆಯಿಂದ ಎರಡು ಗಂಟೆಯವರೆಗೆ ಹದಿನೈದು ನಿಮಿಷಕ್ಕೊಮ್ಮೆ ನೆರಳಿನ ತುದಿಯನ್ನು ಗುರುತಿಸುವುದು ಅತ್ಯಂತ ಸರಳವಾದ ಯೋಜನೆ. ಹನ್ನೆರಡು ಗಂಟೆಗೆ ನೆರಳು ಅತಿ ಗಿಡ್ಡವಾಗಿರುತ್ತದೆಂದು ಮಕ್ಕಳು ನಿರೀಕ್ಷಿಸುತ್ತಾರೆ. ಪುತ್ತೂರಿನಲ್ಲಿ ಹಾಗಾಗುವುದಿಲ್ಲ. ಭಾರತದ ಪ್ರಮಾಣಕಾಲ 82.5 ಡಿಗ್ರಿ ಪೂರ್ವರೇಖಾಂಶದ್ದು; ಪುತ್ತೂರು ಇರುವುದು ಸುಮಾರು 75.2 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿನ ನಡುಹಗಲು ಸರಾಸರಿ 12 ಗಂಟೆ 29 ನಿಮಿಷಕ್ಕೆ ಬರುತ್ತದೆ. ನವೆಂಬರಿನ ಆರಂಭದಲ್ಲಿ ಅದು ಸುಮಾರು 12.13ಕ್ಕೂ ಫೆಬ್ರವರಿಯ ನಡುವಿನಲ್ಲಿ ಸುಮಾರು 12.43ಕ್ಕೂ ಸರಿಯುತ್ತದೆ. ಗಡಿಯಾರದ ಹನ್ನೆರಡು ಮತ್ತು ಸೂರ್ಯನ ನಡುಹಗಲು ಬೇರೆಬೇರೆ ಎಂಬುದನ್ನು ಮಗು ಪುಸ್ತಕದ ನೆರವಿಲ್ಲದೆ ಕಂಡುಕೊಳ್ಳುತ್ತದೆ.

ಅತಿ ಗಿಡ್ಡ ನೆರಳಿನ ರೇಖೆ ಉತ್ತರ–ದಕ್ಷಿಣದ ರೇಖೆಯೂ ಹೌದು. ಇಲ್ಲಿ ಪದದ ಪಾಠ ಆರಂಭವಾಗುತ್ತದೆ. ತುಳುವಿನಲ್ಲಿ ದಿಕ್ಕುಗಳಿಗೆ ಮೂಡಾಯಿ, ಪಡ್ಡಾಯಿ, ಬಡಕಾಯಿ, ತೆನ್ಕಾಯಿ ಎಂಬ ಹೆಸರುಗಳಿವೆ. ಹಳಗನ್ನಡವನ್ನು ಪಾಠಮಾಡುವವರು ಮೂಡಣ, ಪಡುವಣ, ಬಡಗಣ, ತೆಂಕಣಗಳನ್ನು ಅರ್ಥಕೊಟ್ಟು ವಿವರಿಸಬೇಕಾಗುತ್ತದೆ. ಇಲ್ಲಿನ ಮಗುವಿಗೆ ಅವು ಅಂಗಳದ ಮಾತುಗಳು. ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟುಗಳನ್ನು ಅದು ಕೇಳಿಯೇ ಇರುತ್ತದೆ. ಸೂರ್ಯ ಮೂಡುವ ಕಡೆ ಮೂಡು, ಪಡುವ ಕಡೆ ಪಡು ಎಂಬಲ್ಲಿ ಪದವೇ ವಿವರಣೆಯಾಗಿದೆ. ಆಗ ಮುಂದಿನ ಪ್ರಶ್ನೆ ತಾನಾಗಿ ಏಳುತ್ತದೆ: ಸೂರ್ಯ ದಿನವೂ ಒಂದೇ ಕಡೆ ಮೂಡುತ್ತಾನೆಯೆ? ದೂರದ ಮರವನ್ನೋ ಗುಡ್ಡದ ಏಣನ್ನೋ ಗುರುತಾಗಿಟ್ಟುಕೊಂಡು ತಿಂಗಳಿಗೊಮ್ಮೆ ನೋಡಿದರೆ ಮೂಡುವ ಜಾಗ ಸರಿಯುವುದು ಕಾಣಿಸುತ್ತದೆ. ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಮಾತ್ರ ಅದು ನೇರ ಪೂರ್ವ. ಪದವನ್ನು ಒಪ್ಪಿಕೊಂಡು ಅದನ್ನೇ ಪರೀಕ್ಷೆಗೆ ಒಡ್ಡುವ ಈ ಕ್ರಮವೇ ವಿಜ್ಞಾನದ ಕ್ರಮ.

3.2 ಮಳೆಯ ಲೆಕ್ಕ

ವರ್ಷಕ್ಕೆ ಮೂರೂವರೆ–ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಪ್ರದೇಶವಿದು. ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿಯೊಂದರ ಮೇಲ್ಭಾಗವನ್ನು ಕತ್ತರಿಸಿ ಬುಡಮೇಲಾಗಿ ಆಲಿಕೆಯಂತೆ ಇರಿಸಿ, ಪಕ್ಕಕ್ಕೆ ಅಳತೆಪಟ್ಟಿ ಅಂಟಿಸಿದರೆ ಮಳೆಮಾಪಕ ಸಿದ್ಧ. ಬಾಟಲಿಯ ಅಡಿ ಉಬ್ಬುತಗ್ಗಾಗಿದ್ದರೆ ಮೊದಲು ಅಷ್ಟು ನೀರು ತುಂಬಿಸಿ ಅಲ್ಲಿಂದ ಸೊನ್ನೆ ಗುರುತಿಸಬೇಕು. ಹವಾಮಾನ ಇಲಾಖೆಯ ಕ್ರಮದಂತೆ ಬೆಳಗಿನ 8.30ಕ್ಕೆ ಅಳೆದರೆ ಪತ್ರಿಕೆಯ ಅಂಕಿಗಳೊಡನೆ ಹೋಲಿಸಬಹುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ಶಾಲೆಯ ಮಾಡಿನ ಮೇಲೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಬಿದ್ದರೆ ಅದು ನಾಲ್ಕು ಲಕ್ಷ ಲೀಟರ್. ಬೇಸಿಗೆಯಲ್ಲಿ ಅದೇ ಶಾಲೆಯ ಬಾವಿ ಬತ್ತುವುದೇಕೆಂಬ ಪ್ರಶ್ನೆ ಈ ಗುಣಾಕಾರದಿಂದಲೇ ಹುಟ್ಟುತ್ತದೆ.

ಈ ಭಾಗದ ಅಡಿಕೆ ಕೃಷಿಕರಲ್ಲಿ ಕೆಲವರು ಮನೆಯಂಗಳದಲ್ಲಿ ಮಳೆಮಾಪಕವಿಟ್ಟು ದಶಕಗಳ ಕಾಲದ ದಾಖಲೆಗಳನ್ನು ಕಾಯ್ದುಕೊಂಡು ಬಂದಿದ್ದಾರೆ. ಮಕ್ಕಳು ತಮ್ಮ ಅಂಕಿಗಳನ್ನು ಅಂಥವರ ಪುಸ್ತಕದೊಡನೆ ಹೋಲಿಸುವುದು ಯೋಜನೆಯ ಭಾಗವಾಗಬೇಕು.

ಮಕ್ಕಳ ದಾಖಲೆಯಲ್ಲಿ ದಿನಾಂಕ, ಮಿಲಿಮೀಟರ್ ಎಂಬ ಎರಡು ಅಂಕಣಗಳ ಜೊತೆಗೆ ‘ಮನೆಯಲ್ಲಿ ಏನೆಂದರು?’ ಎಂಬ ಮೂರನೆಯ ಅಂಕಣವಿರಲಿ. ತುಳುವಿನಲ್ಲಿ ಜಿನುಗುವ ಹನಿಮಳೆ ‘ಪನಿ’, ಮಳೆ ‘ಬರ್ಸ’, ಹೊಳೆ ಉಕ್ಕಿದರೆ ‘ಬೊಳ್ಳ’. ಒಂದೇ ತಾಸಿನಲ್ಲಿ ಸುರಿದ 50 ಮಿಲಿಮೀಟರಿಗೂ ದಿನವಿಡೀ ಸುರಿದ 50 ಮಿಲಿಮೀಟರಿಗೂ ಬಾಟಲಿಯಲ್ಲಿ ಭೇದವಿಲ್ಲ. ಮನೆಯ ಮಾತಿನಲ್ಲಿ ಭೇದವಿದೆ, ತೋಡಿನಲ್ಲೂ ಭೇದವಿದೆ. ಮಳೆಯ ಮೊತ್ತ ಮತ್ತು ಮಳೆಯ ರಭಸ ಎರಡು ಬೇರೆ ಅಳತೆಗಳೆಂಬ ಅರಿವಿಗೆ ಮೂರನೆಯ ಅಂಕಣವೇ ದಾರಿ. 1923ರ ನೇತ್ರಾವತಿಯ ಮಹಾಪ್ರವಾಹ ಜನರ ನೆನಪಿನಲ್ಲಿ ‘ಮಾರಿಬೊಳ್ಳ’ ಎಂದೇ ಉಳಿದಿದೆ. ನೂರು ವರ್ಷ ಹಿಂದಿನ ಘಟನೆಯೊಂದನ್ನು ಒಂದು ಪದ ಹೊತ್ತು ತಂದಿರುವುದು ಭೂಗೋಳಕ್ಕೂ ಇತಿಹಾಸಕ್ಕೂ ಸೇರಿದ ಸಾಕ್ಷ್ಯ.

ಹಾಗೆಯೇ, ಅಂಕಿಗಳನ್ನು ಜುಲೈ, ಆಗಸ್ಟ್ ಎಂದು ಕೂಡಿಸಿದ ಮೇಲೆ ಕಾರ್ತೆಲ್, ಆಟಿ, ಸೋಣ ಎಂದೂ ಕೂಡಿಸಿ ನೋಡಬಹುದು. ತುಳು ತಿಂಗಳುಗಳು ಸಂಕ್ರಮಣದಿಂದ ಸಂಕ್ರಮಣಕ್ಕೆ ಎಣಿಸುವ ಸೌರಮಾಸಗಳು. ಆಟಿಯ ಮಳೆಯ ಬಗೆಗೆ ಹಿರಿಯರು ಹೇಳುವುದು ಈ ವರ್ಷದ ಅಂಕಿಗೆ ಹೊಂದುತ್ತದೆಯೆ ಎಂಬುದನ್ನು ಮಕ್ಕಳೇ ತೀರ್ಮಾನಿಸಲಿ.

3.3 ಅಂಗಳದ ಹನಿ ಎಲ್ಲಿಗೆ ಹೋಗುತ್ತದೆ?

ಶಾಲೆಯ ಅಂಗಳದಲ್ಲಿ ಬಿದ್ದ ನೀರು ಯಾವ ಕಣಿಗೆ, ಯಾವ ತೋಡಿಗೆ, ಯಾವ ಹೊಳೆಗೆ ಸೇರುತ್ತದೆಂಬುದನ್ನು ನಡೆದು ನೋಡಿ ನಕ್ಷೆ ಬರೆಯುವುದು ಮೂರನೆಯ ಯೋಜನೆ. ಕುಮಾರಪರ್ವತದ ಕಡೆಯಿಂದ ಇಳಿಯುವ ಕುಮಾರಧಾರಾ ಸುಬ್ರಹ್ಮಣ್ಯವನ್ನು ಹಾದು, ಗುಂಡ್ಯ ಹೊಳೆಯನ್ನು ಕೂಡಿಕೊಂಡು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿನಲ್ಲಿ ಕಡಲಿಗೆ ಬೀಳುತ್ತದೆ. ಪಯಸ್ವಿನಿಯಾದರೋ ಕೊಡಗಿನ ಬೆಟ್ಟಗಳಿಂದ ಇಳಿದು ಸಂಪಾಜೆ, ಅರಂತೋಡು, ಸುಳ್ಯಗಳನ್ನು ಹಾದು ಚಂದ್ರಗಿರಿಯೆಂಬ ಹೆಸರಿನಿಂದ ಕಾಸರಗೋಡಿನ ಬಳಿ ಕಡಲನ್ನು ಸೇರುತ್ತದೆ. ಸುಳ್ಯ ತಾಲೂಕಿನದೇ ಆದರೂ ಹರಿಹರ ಪಲ್ಲತಡ್ಕ, ಕೊಲ್ಲಮೊಗ್ರುಗಳ ಹನಿ ಕುಮಾರಧಾರೆಯ ದಾರಿ ಹಿಡಿಯುತ್ತದೆ. ಅರಂತೋಡಿನ ಹನಿ ಕೇರಳಕ್ಕೆ ಹೋಗುತ್ತದೆ. ನೀರಿನ ಗಡಿ ಮತ್ತು ತಾಲೂಕಿನ ಗಡಿ ಒಂದೇ ಅಲ್ಲವೆಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಪಾಠವಿಲ್ಲ.

ನಕ್ಷೆಯ ಮೇಲೆ ಊರಹೆಸರುಗಳನ್ನು ಬರೆಯುವಾಗ ಸ್ಥಳನಾಮಶಾಸ್ತ್ರ ತಾನಾಗಿ ಒಳಬರುತ್ತದೆ. ಅರಂತೋಡಿನ ‘ತೋಡು’, ಸುಳ್ಯಪದವು, ಆರ್ಲಪದವುಗಳ ‘ಪದವು’, ಪರ್ಲಡ್ಕ, ಪಲ್ಲತಡ್ಕಗಳ ‘ಅಡ್ಕ’, ಕಲ್ಲುಗುಂಡಿಯ ‘ಗುಂಡಿ’ ಇವೆಲ್ಲ ಭೂರೂಪದ ಹೆಸರುಗಳು. ‘ಪದವು’ ಎಂದರೆ ಎತ್ತರದ ಬಯಲು. ಹಾಗಾದರೆ ಪದವು ಎಂಬ ಹೆಸರಿನ ಊರು ನಿಜಕ್ಕೂ ಎತ್ತರದಲ್ಲಿದೆಯೆ, ಅಲ್ಲಿಂದ ನೀರು ಎರಡು ಕಡೆಗೆ ಹರಿಯುತ್ತದೆಯೆ ಎಂದು ಪರೀಕ್ಷಿಸಬಹುದು. ಹೆಸರು ಒಂದು ಊಹೆ. ನಡಿಗೆ ಅದರ ಪರೀಕ್ಷೆ. ದಾರಿಯಲ್ಲಿ ಸಿಗುವ ಒಸರು, ಮದಕ, ಕಟ್ಟ, ಸುರಂಗಗಳನ್ನೂ ಗುರುತಿಸಬೇಕು. ಗುಡ್ಡದ ಒಡಲಿಗೆ ಅಡ್ಡವಾಗಿ ಕೊರೆದ ಸುರಂಗಬಾವಿ ಕಾಸರಗೋಡು ಹಾಗೂ ದಕ್ಷಿಣ ಕನ್ನಡದ ವಿಶಿಷ್ಟ ಜಲಮೂಲ. ಪುತ್ತೂರಿನಿಂದ 1988ರಿಂದ ಪ್ರಕಟವಾಗುತ್ತ ಬಂದ ‘ಅಡಿಕೆ ಪತ್ರಿಕೆ’ಯಂತಹ ಕೃಷಿಕರ ಪತ್ರಿಕೆ ಇಂತಹ ಅರಿವನ್ನು ಕನ್ನಡದಲ್ಲಿ ದಾಖಲಿಸಿದ ರೀತಿ ಶಾಲೆಗಳಿಗೆ ಮಾದರಿಯಾಗಬಲ್ಲುದು.

3.4 ಕಲ್ಲು, ಮಣ್ಣು ಮತ್ತು ಗುಡ್ಡದ ಬರೆ

ಕರಾವಳಿಯ ಮನೆಗಳನ್ನು ಕಟ್ಟಿರುವುದು ಮುರಕಲ್ಲಿನಿಂದ. ಪಠ್ಯದಲ್ಲಿ ಅದು ಜಂಬಿಟ್ಟಿಗೆ. ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟನು. ಅಗೆಯುವಾಗ ಮೆತ್ತಗಿದ್ದು ಗಾಳಿಬಿಸಿಲಿಗೆ ಗಟ್ಟಿಯಾಗುವ, ಇಟ್ಟಿಗೆಯಂತೆ ಕಡಿಯಬಹುದಾದ ಇದರ ಗುಣವೇ ಆ ಹೆಸರಿಗೆ ಕಾರಣ. ಲ್ಯಾಟಿನ್ನಿನಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಕನ್ನಡದ ‘ಜಂಬಿಟ್ಟಿಗೆ’ಯಲ್ಲಿಯೂ ಇಟ್ಟಿಗೆ ಇದೆ. ದೂರದ ಎರಡು ಭಾಷೆಗಳು ಒಂದೇ ಗುಣವನ್ನು ಹಿಡಿದು ಹೆಸರಿಟ್ಟಿರುವುದು ಗಮನಾರ್ಹ.

ಈ ಕಲ್ಲಿನ ಪದರದ ಕೆಳಗೆ ಬಿಳಿ, ಗುಲಾಬಿ, ಹಳದಿ ಛಾಯೆಗಳ ನುಣುಪಾದ ಮಣ್ಣೊಂದು ಸಿಗುತ್ತದೆ. ಬಾವಿ ತೋಡುವವರೂ ಮನೆಯ ಅಡಿಪಾಯ ಅಗೆಯುವವರೂ ಅದನ್ನು ‘ಶೇಡಿ’ ಮಣ್ಣು ಎನ್ನುತ್ತಾರೆ. ಒಣಗಿದಾಗ ಗಟ್ಟಿಯಾಗಿರುವ ಶೇಡಿ ನೀರು ಕುಡಿದಾಗ ಬಲ ಕಳೆದುಕೊಳ್ಳುತ್ತದೆ. ತಾಂತ್ರಿಕ ಸಂಶೋಧನಾ ಪ್ರಬಂಧಗಳು ಈ ಮಣ್ಣನ್ನು ಇಂಗ್ಲಿಷಿನಲ್ಲಿಯೂ ‘ಶೇಡಿ’ ಎಂಬ ಹೆಸರಿನಿಂದಲೇ ಚರ್ಚಿಸಿವೆ. ಶಾಲೆಯಲ್ಲಿ ಕಲಿಸುವ ಮಣ್ಣಿನ ಪಟ್ಟಿಯಾದರೋ ಮೆಕ್ಕಲು, ಕಪ್ಪು, ಕೆಂಪು, ಜಂಬಿಟ್ಟಿಗೆ, ಮರುಭೂಮಿ ಮಣ್ಣು ಎಂಬ ದೇಶವ್ಯಾಪಿ ವಿಂಗಡಣೆಯನ್ನು ಅನುಸರಿಸುತ್ತದೆ. ಕೂಲಿಯವನ ಬಾಯಿಯಿಂದ ಸಂಶೋಧಕನ ಪ್ರಬಂಧಕ್ಕೆ ನೇರವಾಗಿ ಹೋದ ಪದ ನಡುವೆ ಇರುವ ಕನ್ನಡ ತರಗತಿಯನ್ನು ಮುಟ್ಟದೆ ಹೋಗುವುದು ಹೀಗೆ.

ಯೋಜನೆ ಸುಲಭವಾದುದು. ಬಾವಿಯೋ ಮನೆಯೋ ಕೆಲಸ ನಡೆಯುವಲ್ಲಿಂದ ಹಿರಿಯರ ನೆರವಿನಿಂದ ಮುರಕಲ್ಲಿನ ತುಂಡನ್ನೂ ಶೇಡಿಯ ಹೆಂಟೆಯನ್ನೂ ತರಿಸಿ ಒಣಗಿಸಬೇಕು. ಕಡಿದ ಗುಡ್ಡದ ಬುಡಕ್ಕೆ ಮಕ್ಕಳನ್ನು ಕಳುಹಿಸಬಾರದು. ಎರಡನ್ನೂ ತೂಗಿ, ಒಂದು ರಾತ್ರಿ ಬೇರೆಬೇರೆ ಪಾತ್ರೆಗಳ ನೀರಿನಲ್ಲಿರಿಸಿ, ಬೆಳಿಗ್ಗೆ ನೋಡಬೇಕು. ಮುರಕಲ್ಲು ತನ್ನ ರಂಧ್ರಗಳಲ್ಲಿ ನೀರು ತುಂಬಿಕೊಂಡು ಭಾರವಾಗಿರುತ್ತದೆ, ಆದರೆ ಆಕಾರ ಉಳಿದಿರುತ್ತದೆ. ಶೇಡಿ ಸಡಿಲಗೊಂಡು ಉದುರಿರುತ್ತದೆ. ಮೇಲೆ ನೀರು ಇಳಿಸುವ ಕಲ್ಲು, ಕೆಳಗೆ ನೀರಿಗೆ ಕರಗುವ ಮಣ್ಣು: ಕಡಿದಾಗಿ ಕತ್ತರಿಸಿದ ಗುಡ್ಡ ಜಡಿಮಳೆಯಲ್ಲಿ ಏಕೆ ನಿಲ್ಲಲಾರದೆಂಬುದಕ್ಕೆ ಮಕ್ಕಳು ತಾವೇ ಒಂದು ಕಾರಣವನ್ನು ಕಂಡಂತಾಗುತ್ತದೆ.

ಈ ಪಾಠದ ಗುರುತ್ವ ಇಲ್ಲಿನವರಿಗೆ ವಿವರಿಸಬೇಕಾದುದಲ್ಲ. 2018ರ ಆಗಸ್ಟಿನಲ್ಲಿ ಸಂಪಾಜೆಯ ಮೇಲಿನ ಜೋಡುಪಾಲದಲ್ಲಿ ಗುಡ್ಡ ಜರಿದು ಜೀವಹಾನಿಯಾಯಿತು. 2022ರ ಆಗಸ್ಟ್ ಆರಂಭದಲ್ಲಿ ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಇಬ್ಬರು ಎಳೆಯ ಸೋದರಿಯರು ತೀರಿಕೊಂಡರು. ಪಠ್ಯದಲ್ಲಿ ಇವೆಲ್ಲಕ್ಕೂ ‘ಭೂಕುಸಿತ’ ಎಂಬ ಒಂದೇ ಹೆಸರು. ಜನ ‘ಬರೆ ಜರಿಯಿತು’ ಎಂದೂ ‘ಗುಡ್ಡ ಜರಿಯಿತು’ ಎಂದೂ ಬೇರೆಬೇರೆಯಾಗಿ ಹೇಳುತ್ತಾರೆ. ಬರೆ ಎಂದರೆ ರಸ್ತೆಗೋ ಮನೆಗೋ ಕತ್ತರಿಸಿದ ಅಂಚು. ಅದರ ಜರಿತದಲ್ಲಿ ಮನುಷ್ಯನ ಕೈವಾಡ ಎದ್ದು ಕಾಣುತ್ತದೆ. ಗುಡ್ಡವೇ ಜರಿಯುವುದು ಇನ್ನೊಂದು ಪ್ರಮಾಣದ ಘಟನೆ. ಎರಡು ಹೆಸರುಗಳನ್ನು ಬಲ್ಲ ಮಗು ಎರಡು ಕಾರಣಗಳನ್ನು ಹುಡುಕುತ್ತದೆ. ಒಂದೇ ಹೆಸರನ್ನು ಕಲಿತ ಮಗು ಅದನ್ನು ಪ್ರಕೃತಿವಿಕೋಪಗಳ ಪಟ್ಟಿಯಲ್ಲಿ ಬರೆದು ಮುಗಿಸುತ್ತದೆ.

4. ಕೆಲವು ಆಕ್ಷೇಪಗಳು

ಸ್ಥಳೀಯ ಪದಗಳಿಗೆ ಮನ್ನಣೆ ಕೊಟ್ಟರೆ ಮಗು ಶಿಷ್ಟ ಪಾರಿಭಾಷಿಕಗಳಿಂದ ವಂಚಿತವಾಗುತ್ತದೆಂಬುದು ಮೊದಲನೆಯ ಆಕ್ಷೇಪ. ‘ಭೂಕುಸಿತ’, ‘ಅಂತರ್ಜಲ’ಗಳನ್ನು ಕೈಬಿಡಬೇಕೆಂಬುದು ಇಲ್ಲಿನ ವಾದವಲ್ಲ. ಮೊದಲು ಕಂಡದ್ದು, ಬಳಿಕ ಮನೆಯ ಹೆಸರು, ಆಮೇಲೆ ಶಾಸ್ತ್ರದ ಹೆಸರು ಎಂಬ ಅನುಕ್ರಮವಷ್ಟೇ ಉದ್ದಿಷ್ಟ. ಪಾರಿಭಾಷಿಕ ಪದ ಆಗ ಕಂಠಪಾಠದ ಹೊರೆಯಾಗದೆ, ಹಲವು ಮನೆಮಾತುಗಳ ಮಕ್ಕಳು ಕೂಡಿ ಮಾತಾಡಲು ಬೇಕಾದ ಸಾಮಾನ್ಯ ಹೆಸರಾಗಿ ಬರುತ್ತದೆ.

ಎರಡನೆಯದು ಹೆಚ್ಚು ಗಟ್ಟಿಯಾದುದು. ಆಡುಮಾತಿನ ಪದಗಳ ಅರ್ಥ ಊರಿಂದೂರಿಗೆ ಸರಿಯುತ್ತದೆ. ಒಬ್ಬರ ಅಡ್ಕ ಇನ್ನೊಬ್ಬರ ಪದವಾಗಬಹುದು. ಇದು ನಿಜ. ಆದರೆ ಇಬ್ಬರು ಮಕ್ಕಳು ಒಂದೇ ಜಾಗಕ್ಕೆ ಎರಡು ಹೆಸರು ಹೇಳಿದಾಗ, ಯಾವ ಗುಣವನ್ನು ನೋಡಿ ಹಾಗೆ ಹೇಳಿದಿರಿ ಎಂದು ಕೇಳಿದರೆ ವ್ಯಾಖ್ಯೆಯ ಅಗತ್ಯ ಅವರಿಗೇ ಮನದಟ್ಟಾಗುತ್ತದೆ. ತುಳು ಬಾರದ ಮಗುವನ್ನು ಇದು ಹೊರಗಿಡುವುದಿಲ್ಲವೆ ಎಂಬ ಸಂದೇಹಕ್ಕೂ ಇದೇ ಉತ್ತರ. ಮೂರನೆಯ ಅಂಕಣ ತುಳುವಿಗೆ ಮೀಸಲಲ್ಲ. ತಮಿಳು, ಮಲೆಯಾಳ, ಬ್ಯಾರಿ ಪದಗಳಿಗೂ ಅದರಲ್ಲಿ ಸಮಾನ ಸ್ಥಾನವಿರಬೇಕು.

5. ಕನ್ನಡ ವಿಭಾಗಗಳ ಹೊಣೆ

ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ಅವಧಿಯಲ್ಲಿ ಆರು ಸಂಪುಟಗಳಲ್ಲಿ ತುಳು ನಿಘಂಟನ್ನು ಹೊರತಂದಿತು. 2011ರಲ್ಲಿ ಅರೆಭಾಷೆಗೂ ಅಕಾಡೆಮಿ ಸ್ಥಾಪನೆಯಾಯಿತು. ಪದಗಳು ಸಂಗ್ರಹವಾಗಿವೆ, ಆಗುತ್ತಲೂ ಇವೆ. ಆದರೆ ನಿಘಂಟಿನ ಅಕಾರಾದಿ ಕ್ರಮದಿಂದ ಶಾಲೆಯ ಶಿಕ್ಷಕನಿಗೆ ನೆರವಾಗುವುದು ಕಷ್ಟ. ನೀರು, ಮಣ್ಣು, ಮಳೆ, ಇಳಿಜಾರು, ದಿಕ್ಕು ಎಂದು ವಿಷಯವಾರು ಜೋಡಿಸಿದ, ಪ್ರತಿ ಪದದ ಜೊತೆಗೆ ಮಾಡಿನೋಡಬಹುದಾದ ಒಂದು ಕೆಲಸವನ್ನು ಸೂಚಿಸುವ ಕಿರುಪುಸ್ತಕಗಳು ಬೇಕು. ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗಳ ಕ್ಷೇತ್ರಕಾರ್ಯವನ್ನು ಈ ಕಡೆಗೆ ತಿರುಗಿಸಬಹುದು. ಜನಪದ ಕಥೆ, ಪಾಡ್ದನಗಳನ್ನು ಸಂಗ್ರಹಿಸಿದ ಶ್ರದ್ಧೆಯಿಂದಲೇ ಬಾವಿ ತೋಡುವವರ, ಕಟ್ಟ ಕಟ್ಟುವವರ, ಕಲ್ಲು ಕಡಿಯುವವರ ಪದಗಳನ್ನು ಸಂಗ್ರಹಿಸಬೇಕಾಗಿದೆ. ಗದ್ದೆಯೊಡನೆ ಮರೆಯಾಗುತ್ತಿರುವ ಬೈಲು, ಮಜಲು, ಬೆಟ್ಟುಗಳನ್ನು ಬಳಸಿ ಬಲ್ಲ ತಲೆಮಾರು ಇನ್ನೂ ನಮ್ಮ ನಡುವೆ ಇದೆ, ಬಹುಕಾಲ ಇರುವುದಿಲ್ಲ.

ಸಮಾರೋಪ

ಪ್ರಾಥಮಿಕ ಶಾಲೆಯ ಯೋಜನಾಕಾರ್ಯ ಕೈಯ ಕೆಲಸವಿದ್ದಷ್ಟೇ ನುಡಿಯ ಕೆಲಸವೂ ಆಗಿದೆ. ನೆರಳು, ಮಳೆ, ಹೊಳೆ, ಮಣ್ಣುಗಳ ಮೇಲಿನ ನಾಲ್ಕು ಯೋಜನೆಗಳಲ್ಲಿ ಕಂಡಂತೆ, ಪ್ರದೇಶದ ಪದ ಕೆಲವೆಡೆ ವಿವರಣೆಯಾಗಿ, ಕೆಲವೆಡೆ ಪರೀಕ್ಷಿಸಬೇಕಾದ ಊಹೆಯಾಗಿ, ಕೆಲವೆಡೆ ಎಚ್ಚರಿಕೆಯಾಗಿ ಕೆಲಸ ಮಾಡುತ್ತದೆ. ಇವುಗಳಿಗೆ ಬೇಕಾದ ಸಾಮಗ್ರಿ ಒಂದು ಕೋಲು, ಒಂದು ಬಾಟಲಿ, ಎರಡು ಪಾತ್ರೆ, ಒಂದು ನೋಟುಪುಸ್ತಕ. ಆ ನೋಟುಪುಸ್ತಕದ ಮೂರನೆಯ ಅಂಕಣವನ್ನು ತೆರೆದಿಡುವುದು ಶಿಕ್ಷಕರ ಕೆಲಸ. ಅದರಲ್ಲಿ ಬಂದು ಬೀಳುವ ಪದಗಳನ್ನು ಓದಿ, ವಿಂಗಡಿಸಿ, ಮತ್ತೆ ಶಾಲೆಗಳಿಗೆ ಮರಳಿಸುವುದು ನಮ್ಮ ಕೆಲಸ.